ಬೀಗ ಬಿದ್ದ ಮನೆಯೊಳಗೆ ಉಳಿದವನು

ನವೆಂಬರ್ 16, 2025, ಭಾನುವಾರ

ನಿನ್ನೆ ರಾತ್ರಿ ಚೆಕಾವ್‌ನ ‘ಚೆರ್ರಿ ಆರ್ಚರ್ಡ್’ ಮುಗಿಸಿದೆ. ಇದು ಮೂರನೇ ಸಲ. ದೀಪ ಆರಿಸಿ ಮಲಗಿದರೆ ನಿದ್ದೆಯೇ ಬರಲಿಲ್ಲ. ಮತ್ತೆ ಎದ್ದು ನಾಲ್ಕನೇ ಅಂಕವನ್ನು ಮೊದಲಿನಿಂದ ಓದಿದೆ, ಈ ಸಲ ಪೆನ್ಸಿಲ್ ಹಿಡಿದುಕೊಂಡು. ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು. ಫಿರ್ಸ್‌ನನ್ನು ಮರೆತವರು ಯಾರು?

ನಾಟಕ ಓದಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಫಿರ್ಸ್ ಅಂದರೆ ಆ ಮನೆಯ ಹಳೆಯ ಆಳು. ವಯಸ್ಸು 87. ಕಿವಿ ಸರಿಯಾಗಿ ಕೇಳಿಸುವುದಿಲ್ಲ. ರಷ್ಯಾದಲ್ಲಿ 1861ರಲ್ಲಿ ಜೀತದಾಳುಗಳಿಗೆಲ್ಲ ಬಿಡುಗಡೆ ಆಯಿತಲ್ಲ, ಆಗಲೂ ಈತ ಬಿಟ್ಟು ಹೋಗದೆ ಯಜಮಾನರ ಜೊತೆಗೇ ಉಳಿದವನು. ಸಾಲ ತೀರಿಸಲಾಗದೆ ತೋಟ ಹರಾಜಾಗುತ್ತದೆ, ಮನೆಯವರೆಲ್ಲ ಗಂಟುಮೂಟೆ ಕಟ್ಟಿ ಹೊರಡುತ್ತಾರೆ, ಬಾಗಿಲಿಗೆ ಬೀಗ ಬೀಳುತ್ತದೆ. ಖಾಲಿ ರಂಗದ ಮೇಲೆ ಆಗ ಈ ಮುದುಕ ಬರುತ್ತಾನೆ, ಕಾಯಿಲೆಯ ಮುದುಕ, ಕಾಲಿಗೆ ಚಪ್ಪಲಿ. ಬಾಗಿಲ ಹಿಡಿ ತಿರುಗಿಸಿ ನೋಡುತ್ತಾನೆ. ಬೀಗ. ಅವನನ್ನು ಆಸ್ಪತ್ರೆಗೆ ಸೇರಿಸಿ ಆಗಿದೆ ಅಂತ ಎಲ್ಲರೂ ನಂಬಿಕೊಂಡಿದ್ದಾರೆ.

ಇಪ್ಪತ್ತರ ವಯಸ್ಸಿನಲ್ಲಿ ಇದನ್ನು ಓದಿದಾಗ ನನಗೆ ಇಷ್ಟವಾಗಿದ್ದು ವಿದ್ಯಾರ್ಥಿ ಟ್ರೊಫಿಮೊವ್‌ನ ಮಾತುಗಳು. ಅವನ ಭಾಷಣದ ಕೆಳಗೆಲ್ಲ ಗೆರೆ ಎಳೆದಿದ್ದೆ, ಆ ಗೆರೆಗಳು ಇವತ್ತಿಗೂ ಪುಸ್ತಕದಲ್ಲಿ ಹಾಗೇ ಇವೆ. ಕೊನೆಯ ಪುಟದಲ್ಲಿ ಮಾತ್ರ ಒಂದು ಗುರುತೂ ಇಲ್ಲ. ಫಿರ್ಸ್ ಬರುವುದು ನನಗೆ ಆಗ ನಾಟಕ ಮುಗಿಸುವ ಒಂದು ಉಪಾಯದಂತೆ ಕಂಡಿತ್ತು.

ನಿನ್ನೆ ಗೊತ್ತಾಯಿತು, ಚೆಕಾವ್ ಅದನ್ನು ಎಷ್ಟು ಎಚ್ಚರದಿಂದ ಕಟ್ಟಿದ್ದಾನೆ ಅಂತ. ಮೊದಲು ಮನೆಯ ಮಗಳು ಆನ್ಯಾ ಕೇಳುತ್ತಾಳೆ, ಫಿರ್ಸ್‌ನನ್ನು ಆಸ್ಪತ್ರೆಗೆ ಕಳಿಸಿದರಾ ಅಂತ. ಇನ್ನೊಬ್ಬ ಆಳು ಯಾಶಾ ಹೇಳುತ್ತಾನೆ, ಬೆಳಿಗ್ಗೆ ಹೇಳಿದ್ದೆ, ಕಳಿಸಿರಬೇಕು. ‘ಕಳಿಸಿರಬೇಕು’, ಅಷ್ಟೇ. ಅವಳಿಗೆ ಸಮಾಧಾನ ಆಗುವುದಿಲ್ಲ, ಗುಮಾಸ್ತ ಎಪಿಖೊಡೊವ್‌ಗೆ ವಿಚಾರಿಸಲು ಹೇಳುತ್ತಾಳೆ. ಯಾಶಾನಿಗೆ ಸಿಟ್ಟು ಬರುತ್ತದೆ, ಎಷ್ಟು ಸಲ ಕೇಳುವುದು ಅಂತ. ಸ್ವಲ್ಪ ಹೊತ್ತಿಗೆ ಬಾಗಿಲ ಆಚೆಯಿಂದ ಸಾಕುಮಗಳು ವಾರ್ಯಾ ಅದನ್ನೇ ಕೇಳಿದಾಗ ಆನ್ಯಾ ‘ಹೌದು’ ಅಂದುಬಿಡುತ್ತಾಳೆ. ಹಾಗಾದರೆ ಡಾಕ್ಟರಿಗೆ ಬರೆದ ಕಾಗದ ಯಾಕೆ ಇಲ್ಲೇ ಇದೆ ಅಂತ ವಾರ್ಯಾ ಕೇಳುತ್ತಾಳೆ. ನೋಡಿ, ಸಾಕ್ಷಿ ಅವರ ಕಣ್ಣೆದುರೇ ಇದೆ! ಕಾಗದ ಇಲ್ಲೇ ಇದ್ದರೆ ಮನುಷ್ಯನೂ ಇಲ್ಲೇ ಇರಬಹುದಲ್ವಾ? ಹಿಂದಿನಿಂದ ಕಳಿಸಿದರಾಯಿತು ಅಂತ ಆ ಮಾತೂ ಅಲ್ಲಿಗೇ ಮುಗಿಯುತ್ತದೆ. ಕೊನೆಗೆ ಯಜಮಾನಿ ರನೆವ್‌ಸ್ಕಾಯಾ, ಹೊರಡುವಾಗ ನನಗೆ ಇರುವ ಒಂದು ಚಿಂತೆ ಫಿರ್ಸ್‌ನ ಕಾಯಿಲೆ ಅಂದಾಗ, ಆನ್ಯಾ ಧೈರ್ಯ ಹೇಳುತ್ತಾಳೆ: ಯಾಶಾ ಬೆಳಿಗ್ಗೆಯೇ ಕಳಿಸಿದ್ದಾನೆ.

‘ಹೇಳಿದ್ದೆ’ ಅನ್ನುವುದು ‘ಕಳಿಸಿರಬೇಕು’ ಆಯಿತು, ಆಮೇಲೆ ‘ಹೌದು’ ಆಯಿತು, ಕೊನೆಗೆ ‘ಕಳಿಸಿದ್ದಾನೆ’ ಆಯಿತು. ಒಬ್ಬರೂ ಬೇಕಂತ ಸುಳ್ಳು ಹೇಳಿಲ್ಲ. ಎಲ್ಲರೂ ಕೇಳಿದ್ದಾರೆ. ಒಬ್ಬರೂ ಹೋಗಿ ನೋಡಿಲ್ಲ.

ಇದನ್ನು ಓದುವಾಗ ಅಜ್ಜನ ನೆನಪು ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಒಮ್ಮೆ ಕಣ್ಣಿನ ಪರೀಕ್ಷೆಗೆ ಅವರನ್ನು ಆಸ್ಪತ್ರೆಗೆ ಬಿಟ್ಟು ಬಂದವನು ನಾನು. ವಾಪಸ್ ಕರೆದುಕೊಂಡು ಬರುವುದು ಅಣ್ಣ ಅಂದುಕೊಂಡಿದ್ದೆ. ಅಣ್ಣ ಚಿಕ್ಕಪ್ಪ ಹೋಗುತ್ತಾರೆ ಅಂದುಕೊಂಡಿದ್ದ. ಚಿಕ್ಕಪ್ಪ ಫೋನ್ ಮಾಡಿ ಕೇಳಿದಾಗ ಅಮ್ಮ, ‘ಆಗಲೇ ಹೊರಟಾಯ್ತು ಅನ್ಸುತ್ತೆ’ ಅಂದಿದ್ದರು. ಕತ್ತಲಾದ ಮೇಲೆ ನಾನು ಓಡಿಹೋಗಿ ನೋಡಿದರೆ ಅಜ್ಜ ಬೆಳಿಗ್ಗೆ ಕೂರಿಸಿದ್ದ ಅದೇ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಅವರು ಹೇಳಿದ ಮೊದಲ ಮಾತು, ‘ಮಳೇಲಿ ಬಂದ್ಯಾ, ತಲೆ ಒರೆಸ್ಕೋ.’

ಬೀಗ ಬಿದ್ದ ಮನೆಯಲ್ಲಿ ಫಿರ್ಸ್ ಚಿಂತೆ ಮಾಡುವುದೂ ತನ್ನ ಬಗ್ಗೆ ಅಲ್ಲ. ಯಜಮಾನ ಗಾಯೆವ್ ತುಪ್ಪಳದ ಕೋಟು ಬಿಟ್ಟು ತೆಳ್ಳನೆಯ ಕೋಟು ಹಾಕಿಕೊಂಡು ಹೋಗಿರಬೇಕು, ನಾನು ನೋಡಲಿಲ್ಲವಲ್ಲ ಅಂತ ಪೇಚಾಡಿಕೊಳ್ಳುತ್ತಾನೆ. ಆಮೇಲೆ ಮಲಗುತ್ತಾನೆ. ದೂರದಲ್ಲಿ ತಂತಿ ಕಡಿದಂಥ ಒಂದು ಸದ್ದು, ತೋಟದಲ್ಲಿ ಕೊಡಲಿ ಏಟು. ನಿನ್ನೆ ಆ ಕೋಟಿನ ಮಾತಿನ ಕೆಳಗೆ ಗೆರೆ ಎಳೆದೆ.

ಇದನ್ನು ಕಾಮಿಡಿ ಅಂತ ಕರೆದವನು ಚೆಕಾವ್. 1904ರಲ್ಲಿ ಮಾಸ್ಕೋದಲ್ಲಿ ಮೊದಲ ಸಲ ಆಡಿಸಿದ ಸ್ತಾನಿಸ್ಲಾವ್‌ಸ್ಕಿಗೆ ಅದು ದುರಂತವಾಗಿ ಕಂಡಿತು, ಚೆಕಾವ್‌ಗೆ ಇದು ಸರಿಬರಲಿಲ್ಲ. ಅದೇ ವರ್ಷ ಜುಲೈನಲ್ಲಿ ಅವನು ತೀರಿಕೊಂಡ, 44ಕ್ಕೇ. ನನಗೆ ಇಬ್ಬರ ಮಾತೂ ಒಪ್ಪಿಗೆ. ಆ ಮನೆಯವರ ಮಾತುಕತೆ ಕೇಳಿದರೆ ನಗು ಬರುತ್ತದೆ, ಅದೇ ಮಾತುಕತೆಯಿಂದ ಒಬ್ಬ ಮನುಷ್ಯ ಒಳಗೆ ಉಳಿದುಹೋಗುತ್ತಾನೆ.

ಇತ್ತೀಚೆಗೆ ಹಳೆಯ ಪುಸ್ತಕಗಳನ್ನು ಮತ್ತೆ ಓದುವಾಗಲೆಲ್ಲ ನನಗೆ ಹೀಗೇ ಆಗುತ್ತಿದೆ. ಕಣ್ಣು ನಾಯಕ, ನಾಯಕಿಯರನ್ನು ಬಿಟ್ಟು ಪಕ್ಕದಲ್ಲಿ ನಿಂತವರ ಮೇಲೆ ಹೋಗುತ್ತದೆ. ಹೋದ ತಿಂಗಳು ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ಓದಿದೆ. 1879ರ ನಾಟಕ. ನೋರಾ ಗಂಡನನ್ನೂ ಮೂರು ಮಕ್ಕಳನ್ನೂ ಬಿಟ್ಟು ಹೊರಡುವುದು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ಒಬ್ಬ ನಟಿ, ನಾನಾದರೆ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಹಾಗಾಗಿ ಆಡುವುದಿಲ್ಲ ಅಂದಳಂತೆ. ಇಬ್ಸೆನ್ ಮನಸ್ಸಿಲ್ಲದೆಯೇ ನೋರಾ ಮನೆಯಲ್ಲೇ ಉಳಿಯುವಂಥ ಬೇರೆ ಕೊನೆ ಬರೆದುಕೊಟ್ಟ. ಮಕ್ಕಳನ್ನು ಬಿಡುವುದು ಅಷ್ಟು ದೊಡ್ಡ ಗಲಾಟೆಯಾಯಿತು. ಆದರೆ ಅದೇ ಮನೆಯಲ್ಲಿ, ಮಗುವನ್ನು ಬಿಟ್ಟು ಬಂದ ಇನ್ನೊಬ್ಬ ಹೆಂಗಸು ಇದ್ದಾಳೆ. ದಾದಿ ಆನ್-ಮರೀ. ಎರಡನೇ ಅಂಕದಲ್ಲಿ ನೋರಾ ಅವಳನ್ನು ಕೇಳುತ್ತಾಳೆ, ನಿನ್ನ ಮಗುವನ್ನು ಬೇರೆಯವರ ಕೈಗೆ ಕೊಡಲು ನಿನಗೆ ಹೇಗೆ ಮನಸ್ಸು ಬಂತು ಅಂತ. ಅವಳ ಉತ್ತರ ಸರಳ. ಪುಟ್ಟ ನೋರಾಳನ್ನು ಸಾಕಲು ಬರಬೇಕಿತ್ತಲ್ಲ. ಬಡ ಹುಡುಗಿ, ಗಂಡಸೊಬ್ಬ ಕೈಬಿಟ್ಟವಳು, ಸಿಕ್ಕ ಕೆಲಸ ದೊಡ್ಡದು. ಆ ಮಗಳು ಕಾಗದ ಬರೆದಿದ್ದಾಳೆ, ಚರ್ಚಿನಲ್ಲಿ ದೀಕ್ಷೆ ಆದಾಗ ಒಂದು, ಮದುವೆ ಆದಾಗ ಒಂದು.

ಇಷ್ಟೇ. ಒಂದು ಪುಟವೂ ಇಲ್ಲ. ಆದರೆ ನೋರಾ ಧೈರ್ಯವಾಗಿ ಹೊರಡುವುದು ಯಾರನ್ನು ನಂಬಿ? ಮಕ್ಕಳು ನನಗಿಂತ ಒಳ್ಳೆಯ ಕೈಯಲ್ಲಿವೆ ಅಂತ ಅವಳೇ ಹೇಳುತ್ತಾಳೆ. ಆ ಕೈ ಆನ್-ಮರೀಯದು. ನಾನು ಇದನ್ನು ಹೇಳಿದಾಗ ಗೆಳತಿಯೊಬ್ಬಳು ಸಿಟ್ಟಾದಳು. ಹೀಗೆ ಓದಿದರೆ ನೋರಾಳನ್ನೇ ತಪ್ಪಿತಸ್ಥೆ ಮಾಡಿದ ಹಾಗಾಗುತ್ತದೆ, ಅವಳ ಗಂಡ ತಪ್ಪಿಸಿಕೊಳ್ಳುತ್ತಾನೆ ಅಂದಳು. ಅವಳ ಭಯ ನನಗೆ ಅರ್ಥವಾಗುತ್ತದೆ. ನೋರಾ ಹೊರಟಿದ್ದು ಸರಿ ಅಂತ ನಾನು ಇವತ್ತಿಗೂ ನಂಬುತ್ತೇನೆ. ಆದರೆ ಒಬ್ಬಳು ಹೊಟ್ಟೆಪಾಡಿಗೆ ಸದ್ದಿಲ್ಲದೆ ಮಾಡಿದ್ದನ್ನು ಇನ್ನೊಬ್ಬಳು ತನ್ನ ಬಾಳಿಗಾಗಿ ಮಾಡಿದಾಗ ಲೋಕವೆಲ್ಲ ಬೆಚ್ಚಿತು, ಮತ್ತೆ ಇಬ್ಸೆನ್ ಆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಎದುರುಬದುರು ನಿಲ್ಲಿಸಿದ್ದಾನೆ. ಅದು ಸುಮ್ನೆ ಬಂದು ಸೇರಿದ ಮಾತು ಅಲ್ಲ.

ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ನಲ್ಲಿ ಒಬ್ಬ ಆಳಿದ್ದಾನೆ, ಅವನಿಗೆ ಹೆಸರೂ ಇಲ್ಲ. ಯಜಮಾನ ಕಾರ್ನ್‌ವಾಲ್ ಮುದುಕ ಗ್ಲಾಸ್ಟರ್‌ನ ಒಂದು ಕಣ್ಣು ಕಿತ್ತು ಇನ್ನೊಂದಕ್ಕೆ ಕೈ ಹಾಕುವಾಗ, ಇವನು ‘ಕೈ ತೆಗೆಯಿರಿ’ ಅಂತ ಅಡ್ಡ ಬರುತ್ತಾನೆ. ಚಿಕ್ಕಂದಿನಿಂದ ನಿಮ್ಮ ಸೇವೆ ಮಾಡಿದ್ದೇನೆ, ನಿಮ್ಮನ್ನು ಈಗ ತಡೆಯುವುದಕ್ಕಿಂತ ದೊಡ್ಡ ಸೇವೆ ಮಾಡಿಲ್ಲ ಅನ್ನುವ ಅರ್ಥದ ಮಾತು. ಕಾರ್ನ್‌ವಾಲ್‌ಗೆ ಸಾಯುವಂಥ ಗಾಯ ಮಾಡುತ್ತಾನೆ, ಕಾರ್ನ್‌ವಾಲ್‌ನ ಹೆಂಡತಿ ರೀಗನ್ ಹಿಂದಿನಿಂದ ಬಂದು ಆಳನ್ನು ಇರಿಯುತ್ತಾಳೆ, ಹೆಣವನ್ನು ತಿಪ್ಪೆಗೆ ಎಸೆಯಲು ಅಪ್ಪಣೆಯಾಗುತ್ತದೆ. ಎಲ್ಲ ಸೇರಿ ಅವನ ಮಾತು ಹೆಚ್ಚೆಂದರೆ ಹತ್ತು ಸಾಲು. ಇಡೀ ನಾಟಕದಲ್ಲಿ ಆ ಕ್ರೌರ್ಯವನ್ನು ಕತ್ತಿ ಹಿಡಿದು ಮೊದಲು ತಡೆಯಲು ಹೋದವನು ಅವನು, ರಾಜರಲ್ಲ, ಮಂತ್ರಿಗಳಲ್ಲ.

1608ರ ಮುದ್ರಣದಲ್ಲಿ ಇದಾದ ಮೇಲೆ ಇನ್ನೂ ಒಂದು ಚಿಕ್ಕ ಮಾತುಕತೆ ಇದೆ. ಉಳಿದ ಇಬ್ಬರು ಆಳುಗಳಲ್ಲಿ ಒಬ್ಬ ಗ್ಲಾಸ್ಟರ್‌ನ ರಕ್ತ ಸುರಿಯುವ ಮುಖಕ್ಕೆ ಹಚ್ಚಲು ನಾರು, ಮೊಟ್ಟೆಯ ಬಿಳಿ ತರಲು ಹೊರಡುತ್ತಾನೆ. ಶೇಕ್ಸ್‌ಪಿಯರ್‌ನ ನಾಟಕಗಳ 1623ರ ಸಂಪುಟದಲ್ಲಿ ಇದು ಇಲ್ಲ. ನನಗೆ ಆ ನಾಲ್ಕಾರು ಸಾಲು ಬೇಕೇ ಬೇಕು. ಅಷ್ಟು ಭಯಂಕರವಾದ ದೃಶ್ಯ ನೋಡಿದವರಿಗೆ, ಯಾರೋ ಒಬ್ಬ ಔಷಧಿ ತರಲು ಹೋದ ಅಂತ ಗೊತ್ತಾಗುವುದು ಎಷ್ಟು ದೊಡ್ಡ ವಿಷಯ!

ಕುವೆಂಪು ಇದನ್ನು ‘ಮಲೆಗಳಲ್ಲಿ ಮದುಮಗಳು’ ಶುರುವಾಗುವ ಮೊದಲೇ ಹೇಳಿಬಿಟ್ಟಿದ್ದಾರೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಆ ಮಾತನ್ನು ನಾವು ಎಲ್ಲ ಕಡೆ ಹೇಳಿಕೊಂಡು ಓಡಾಡುತ್ತೇವೆ. ಆದರೆ ಅದು ನನಗೆ ನಿಜವಾಗಿ ತಟ್ಟಿದ್ದು ಅದರಲ್ಲಿ ಬರುವ ಆಳು ಗುತ್ತಿಯ ನಾಯಿ, ಅದರ ಹೆಸರು ‘ಹುಲಿಯ’, ತುಂಬಿದ ತುಂಗಾ ಹೊಳೆಯಲ್ಲಿ ಕೊಚ್ಚಿಹೋದಾಗ. ಅಷ್ಟು ದೊಡ್ಡ ಕಾದಂಬರಿ, ಅಷ್ಟೊಂದು ಜನ, ಆದರೂ ನಾನು ಅತ್ತಿದ್ದು ಅಲ್ಲಿ. ಟಾಲ್‌ಸ್ಟಾಯ್ ಕೂಡ ‘ಅನ್ನಾ ಕರೆನಿನಾ’ದಲ್ಲಿ ಲೆವಿನ್‌ನ ಬೇಟೆನಾಯಿ ಲಾಸ್ಕಾಳ ಮನಸ್ಸಿನೊಳಗೆ ಹೋಗಿ ಬರುತ್ತಾನೆ. ಯಜಮಾನ ತಪ್ಪು ದಿಕ್ಕು ತೋರಿಸುತ್ತಿದ್ದಾನೆ ಅಂತ ಅವಳಿಗೆ ಗೊತ್ತು, ಆದರೂ ಅವನ ಮಾತಿಗೆ ಬೆಲೆ ಕೊಟ್ಟು ಹೋಗುತ್ತಾಳೆ. ಅದನ್ನು ಓದುವಾಗ ನನಗೆ ಮತ್ತೆ ಫಿರ್ಸ್ ನೆನಪಾಗುತ್ತಾನೆ.

ಇವತ್ತು ಮಧ್ಯಾಹ್ನ ಸೋಫೊಕ್ಲಿಸ್‌ನ ‘ಆಂಟಿಗೊನಿ’ ತೆಗೆದೆ. ಅಕ್ಕ ಆಂಟಿಗೊನಿ ಸಾವಿಗೆ ಹೊರಟಾಗ ತಂಗಿ ಇಸ್ಮೆನಿ ನಾನೂ ಬರುತ್ತೇನೆ ಅನ್ನುತ್ತಾಳೆ, ಅಕ್ಕ ಬೇಡ ಅನ್ನುತ್ತಾಳೆ. ಕಾವಲಿನವರು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದಾಚೆ ಇಸ್ಮೆನಿ ರಂಗಕ್ಕೆ ಬರುವುದೇ ಇಲ್ಲ. ಕೊನೆಯ ಸಲ ಮಾತಾಡುವಾಗ ಆಂಟಿಗೊನಿ, ರಾಜಮನೆತನದಲ್ಲಿ ಉಳಿದವಳು ನಾನೊಬ್ಬಳೇ ಅನ್ನುತ್ತಾಳೆ. ತಂಗಿ ಒಳಗೆ ಬದುಕಿದ್ದಾಳೆ. ಗೋಡೆಯ ಆಚೆ ನಿಂತು ಆ ಮಾತನ್ನು ಅವಳು ಕೇಳಿಸಿಕೊಂಡಳಾ?