ಮೂರು ಸಣ್ಣ ಮೀನು

ಆಗಸ್ಟ್ 17, 2025, ಭಾನುವಾರ
ಲಡಿಂಗ್ಟನ್, ಮಿಶಿಗನ್

ನಿನ್ನೆ ತಂದ ಮೀನಿನ ಕೊನೆಯ ತುಂಡು ಈಗಷ್ಟೇ ಕಾವಲಿಯಿಂದ ಇಳಿಯಿತು. ಕೈ ಎಷ್ಟು ತೊಳೆದರೂ ವಾಸನೆ ಹೋಗಿಲ್ಲ. ಇರಲಿ, ಮಲ್ಪೆಯ ಮನೆಯ ಹಿತ್ತಲಿನ ವಾಸನೆ ಅದು.

ದೋಣಿಯ ಅಜ್ಜ ನಿನ್ನೆ ಬೆಳಗ್ಗೆ ಐದಕ್ಕೇ ನಮ್ಮನ್ನು ಮಿಶಿಗನ್ ಸರೋವರಕ್ಕೆ ಕರೆದುಕೊಂಡು ಹೊರಟಿದ್ದರು. ಗಾಳವನ್ನು ಆಳಕ್ಕೆ ಒಯ್ಯುವ ಡೌನ್‌ರಿಗ್ಗರಿನ ಗುಂಡು ಹತ್ತು ಮಾರು ಇಳಿಸಿ ಎಳೆದದ್ದೇ ಎಳೆದದ್ದು. ನಾಲ್ಕು ತಾಸಿಗೆ ಒಂದೇ ಮೀನು, 14 ಪೌಂಡಿನ ಚಿನೂಕ್ ಸಾಲ್ಮನ್. ಪುಟ್ಟಿ ಕೈಬಲೆ ಹಿಡಿದು ಕಿರುಚಿದ್ದು ದಡಕ್ಕೂ ಕೇಳಿಸಿರಬೇಕು.

ದಡಕ್ಕೆ ಬಂದು ಹೊಟ್ಟೆ ಕೊಯ್ದಾಗ ಒಳಗೆ ಏಲ್‌ವೈಫ್ ಎಂಬ ಸಣ್ಣ ಮೀನು ಮೂರು ಇದ್ದವು. ಎರಡು ಅರ್ಧ ಕರಗಿದ್ದವು. ಮೂರನೆಯದರ ಹುರುಪೆ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು, ಹೊಟ್ಟೆಯಂಚನ್ನು ಸವರಿದರೆ ಸಣ್ಣ ಗರಗಸದ ಹಾಗೆ ಬೆರಳಿಗೆ ತಾಗಿತು. ನಮ್ಮ ಬೂತಾಯಿಯ ದಾಯಾದಿಯೇ. ಅಜ್ಜ ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ನೋಡಿದರು.

1967ರ ಬೇಸಿಗೆಯಲ್ಲಿ ಅವರಿಗೆ ಹತ್ತು ವರ್ಷವಂತೆ. ಇದೇ ಏಲ್‌ವೈಫ್ ಸತ್ತು ದಡದುದ್ದಕ್ಕೂ ರಾಶಿ ಬಿದ್ದಿತ್ತು, ಟ್ರ್ಯಾಕ್ಟರ್ ತಂದು ಬಾಚಿದರಂತೆ. ಲ್ಯಾಂಪ್ರಿ ಎಂಬ ರಕ್ತ ಹೀರುವ ಮೀನು ಇಲ್ಲಿನ ಲೇಕ್ ಟ್ರೌಟನ್ನು ಮುಗಿಸಿದ ಮೇಲೆ ಇವನ್ನು ತಿನ್ನುವವರೇ ಇರಲಿಲ್ಲ. ಅದಕ್ಕೇ ಪೆಸಿಫಿಕ್ ಕಡೆಯಿಂದ ಸಾಲ್ಮನ್ ತಂದದ್ದು, 1966ರಲ್ಲಿ ಕೋಹೊ, ಮರುವರ್ಷ ಚಿನೂಕ್. ಆಗ ಕಸವಾಗಿದ್ದ ಮೀನನ್ನು ಈಗ ಅಜ್ಜ ಒಂದೊಂದಾಗಿ ಎಣಿಸುತ್ತಾರೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಮೀನು ಎಷ್ಟು ದೊಡ್ಡದು ಎಂದು ಕೇಳುತ್ತಾರೆ ಅಂದುಕೊಂಡಿದ್ದೆ.

"ನೀರು ಹೇಗುಂಟು?" ಎಂದರು.

"ಕನ್ನಡಿಯ ಹಾಗೆ ಅಪ್ಪ. ಮೂರು ಮಾರು ಕೆಳಗಿನ ಕಲ್ಲು ಕಾಣ್ತದೆ."

"ಹಾಗಾದ್ರೆ ಆ ಮೀನಿಗೆ ತಿನ್ನಲಿಕ್ಕೆ ಎಂತ ಉಂಟು ಮಾರಾಯ್ತಿ?"

ಈ ಸರೋವರವನ್ನು ಅಪ್ಪ ಒಂದು ದಿನ ಕಂಡವರಲ್ಲ. ಬೂತಾಯಿ ಹುಡುಕಿ ನಲವತ್ತು ವರ್ಷ ಕಡಲಿನ ಬಣ್ಣ ನೋಡಿದವರು. ಹಡಗುಗಳು ತೂಕಕ್ಕೆಂದು ತುಂಬಿಕೊಳ್ಳುವ ನೀರಿನೊಂದಿಗೆ ಬಂದ ಕ್ವಾಗಾ ಚಿಪ್ಪಿಯ ಬಗ್ಗೆ ಹೇಳಿದೆ. ನಮ್ಮ ಪಚ್ಚಿಲೆಯ ಹಾಗೆಯೇ, ಆದರೆ ಉಗುರಿನಷ್ಟು. ತಳದುದ್ದಕ್ಕೂ ಹಾಸಿಕೊಂಡು ನೀರನ್ನು ಸೋಸಿ ಸೋಸಿ ಪಾಚಿಯನ್ನೆಲ್ಲ ತಿಂದುಬಿಡುತ್ತದೆ. ಸಣ್ಣ ಮೀನಿಗೆ ಉಳಿಯುವುದು ಅಷ್ಟಕ್ಕಷ್ಟೇ. ಆಚೆಯ ಹ್ಯೂರಾನ್ ಸರೋವರದಲ್ಲಿ 2003–04ರ ಸುಮಾರಿಗೆ ಏಲ್‌ವೈಫ್ ನೆಲಕಚ್ಚಿತು, ಹಿಂದೆಯೇ ಚಿನೂಕ್ ಕೂಡ. ಅಜ್ಜನ ಗೆಳೆಯರೊಬ್ಬರು ಆಗಲೇ ದೋಣಿ ಮಾರಿದರಂತೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಿ ಮಳೆಗಾಲದ ಎರಡು ತಿಂಗಳ ರಜೆ ಮುಗಿದು ಬೋಟು ಇಳಿದಿದೆ. ಮರಿ ಬೂತಾಯಿಯನ್ನೂ ಬಿಡುದಿಲ್ಲ, ಫಿಶ್‌ಮೀಲಿಗೆ ಹೋಗ್ತದೆ" ಎಂದರು. ಆಮೇಲೆ ಅಮ್ಮನ ಮಂಡಿನೋವಿನ ಮಾತು ಬಂತು. ಗಣೇಶನ ಹಬ್ಬಕ್ಕೆ ನಾವು ಯಾರೂ ಇಲ್ಲ ಎಂಬ ಮಾತೂ. ಫೋನ್ ಇಟ್ಟ ಮೇಲೆ ಯಾಕೋ ಅಳು ಬಂತು.

ಇಂದು ಮಧ್ಯಾಹ್ನ ಅಜ್ಜನಿಗೆ ಹುರಿದ ಮೀನು ಕೊಡಲು ಹೋಗಿದ್ದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದರು. ಹ್ಯಾಚರಿಯಿಂದ ಬಿಡುವ ಚಿನೂಕ್ ಮರಿಗಳ ಬೆನ್ನಿನ ತುದಿಯಲ್ಲಿರುವ ಪುಟ್ಟ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ನಮ್ಮ ಮೀನಿಗೆ ಅದು ಇತ್ತು, ಅಂದರೆ ಹೊಳೆಯಲ್ಲಿ ತಾನಾಗಿ ಹುಟ್ಟಿದ್ದು. 2013ರಲ್ಲಿ ಚಿನೂಕ್ ಮರಿ ಬಿಡುವುದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದಾಗ ಅಜ್ಜ ಸಭೆಯಲ್ಲಿ ಎದ್ದುನಿಂತು ಜಗಳವಾಡಿದ್ದರಂತೆ. "ಈಗ ಆಡುವುದಿಲ್ಲ. ಬಾಯಿ ಹೆಚ್ಚಿಸಿ ಊಟ ಎಲ್ಲಿಂದ ತರುವುದು?" ಎಂದರು. ನನಗೂ ಅದೇ ಸರಿ ಅನಿಸುತ್ತದೆ. ದೋಣಿಯವರೆಲ್ಲ ದೊಡ್ಡ ಮೀನಿನ ಲೆಕ್ಕ ಕೇಳುತ್ತಾರೆ. ಕೇಳಬೇಕಾದದ್ದು ಈ ಬೆರಳುದ್ದದ್ದರ ಲೆಕ್ಕ.

ಆದರೆ ಹೊಳೆಯಲ್ಲಿ ಹುಟ್ಟುವುದಕ್ಕೆ ಸಭೆಯ ತೀರ್ಮಾನ ತಾಗುವುದಿಲ್ಲವಲ್ಲ, ಅದು ಎಷ್ಟು ಹುಟ್ಟಿದರೂ ಈ ಕೆಲವೇ...

ಪುಟ್ಟಿ ಆ ಮೂರನೆಯ ಮೀನನ್ನು ಫಾಯಿಲಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟಿದ್ದಾಳೆ. ಅಜ್ಜನಿಗೆ ವಿಡಿಯೋದಲ್ಲಿ ತೋರಿಸಬೇಕಂತೆ, ಮಲ್ಪೆಯ ಅಜ್ಜನಿಗೆ.