ಅರ್ಜುನ ಬಾರದ ಪ್ರಸಂಗ

ತೊಂಬತ್ತರ ದಶಕದ ನಡುಭಾಗದಲ್ಲಿ ಓದಿಗೆಂದು ಅಮೆರಿಕಕ್ಕೆ ಹೋದ ನನಗೆ ಅಲ್ಲಿಯ ಟಿವಿಯಲ್ಲಿ ಮೊದಲು ಹಿಡಿಸಿದ್ದು ‘ಝೀನಾ: ವಾರಿಯರ್ ಪ್ರಿನ್ಸೆಸ್’ ಎಂಬ ಸಾಹಸದ ಧಾರಾವಾಹಿ. ಹರ್ಕ್ಯುಲಿಸ್‌ನ ಕಥೆಯಲ್ಲಿ ಖಳನಾಯಕಿಯಾಗಿ ಬಂದು ಮೂರು ಕಂತುಗಳಲ್ಲಿ ಸಾಯಬೇಕಿದ್ದ ಪಾತ್ರವದು; ನೋಡುಗರು ಸಾಯಗೊಡದ ಕಾರಣ 1995ರ ಸೆಪ್ಟೆಂಬರಿನಲ್ಲಿ ಅವಳಿಗೇ ಒಂದು ಧಾರಾವಾಹಿ ಸಿಕ್ಕಿತು, ಅದು 2001ರವರೆಗೆ ಆರು ಸೀಸನ್‌ಗಳಲ್ಲಿ 134 ಕಂತುಗಳಾಗಿ ಬೆಳೆಯಿತು. ಪ್ರಾಚೀನ ಗ್ರೀಸ್ ಎಂದು ತೋರಿಸುತ್ತಿದ್ದ ಕಾಡು, ಗುಡ್ಡ, ಕಡಲತೀರಗಳೆಲ್ಲ ನ್ಯೂಜಿಲೆಂಡಿನವು. ಲೂಸಿ ಲಾಲೆಸ್ ಆಡಿದ ಝೀನಾ ಒಂದು ಕಾಲದಲ್ಲಿ ಊರುಗಳನ್ನು ಸುಟ್ಟವಳು, ಈಗ ಅದರ ಋಣ ತೀರಿಸುತ್ತಾ ಅಲೆಯುವವಳು. ರೆನೆ ಓಕಾನರ್ ಆಡಿದ ಗೇಬ್ರಿಯೆಲ್ ಮನೆಯವರು ಗೊತ್ತುಮಾಡಿದ ಮದುವೆಯನ್ನು ಬಿಟ್ಟು ಅವಳ ಬೆನ್ನು ಹತ್ತಿದ ಹಳ್ಳಿಯ ಹುಡುಗಿ, ಕಥೆ ಕಟ್ಟುವವಳು. ಇಬ್ಬರೂ ಒಂದೇ ಬೆಂಕಿಯ ಬಳಿ ಮಲಗಿ, ಒಂದೇ ದಾರಿಯಲ್ಲಿ ನಡೆದು, ಒಬ್ಬಳಿಗಾಗಿ ಇನ್ನೊಬ್ಬಳು ಸತ್ತು ಮತ್ತೆ ಬದುಕುವುದೇ ಧಾರಾವಾಹಿಯ ಒಟ್ಟು ಕಥೆ.

ಅವರಿಬ್ಬರ ನಡುವಿನದು ಏನೆಂದು ಧಾರಾವಾಹಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಭಿಮಾನಿಗಳು ಅದನ್ನು ಸಬ್‌ಟೆಕ್ಸ್ಟ್, ಅಂದರೆ ಹೇಳದೆ ಸೂಚಿಸುವ ಒಳಾರ್ಥ, ಎನ್ನುತ್ತಿದ್ದರು, ತಯಾರಿಸುವವರಿಗೂ ಅದು ಚೆನ್ನಾಗಿ ಗೊತ್ತಿತ್ತು. ನಿರ್ಮಾಪಕಿಯರಲ್ಲಿ ಒಬ್ಬರಾದ ಲಿಜ್ ಫ್ರೀಡ್‌ಮನ್ ತಾನು ಲೆಸ್ಬಿಯನ್ ಎಂದು ಮುಚ್ಚಿಡದವರು. ಮೊದಲ ಸೀಸನ್ನಿನ ಒಂದು ಕಂತು ಆರಂಭವಾಗುವಾಗ ಕ್ಯಾಮೆರಾ ನದಿಯ ದಡದಲ್ಲಿ ಕಳಚಿಟ್ಟ ಬಟ್ಟೆ, ರಕ್ಷಾಕವಚಗಳ ಮೇಲೆ ನಿಧಾನವಾಗಿ ಹಾಯುತ್ತದೆ, ಇಬ್ಬರ ಉಸಿರು ತುಂಬಿದ ಮಾತುಗಳು ಮಾತ್ರ ಕೇಳುತ್ತವೆ, ಕೊನೆಗೆ ನೋಡಿದರೆ ಅವರು ಬರಿಗೈಯಲ್ಲಿ ಮೀನು ಹಿಡಿಯುತ್ತಿರುತ್ತಾರೆ. ಅರ್ಥ ಮಾಡಿಕೊಂಡವರು ನಕ್ಕರು, ಮಾಡಿಕೊಳ್ಳದವರಿಗೆ ಮೀನು ಸಿಕ್ಕಿತು. ಗಂಡಸರೂ ಆಗಾಗ ಬಂದುಹೋಗುತ್ತಿದ್ದರು. ಗೇಬ್ರಿಯೆಲ್‌ಗೆ ಒಂದು ಮದುವೆಯನ್ನೂ ಮಾಡಿಸಿದರು, ಆದರೆ ಪರ್ಡಿಕಸ್ ಎಂಬ ಆ ಗಂಡ ಮದುವೆಯ ಮರುದಿನವೇ ಶತ್ರುವಿನ ಕತ್ತಿಗೆ ಸತ್ತ.

1996ರಲ್ಲಿ ಲಾಲೆಸ್ ಕುದುರೆಯಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಾಗ ಚಿತ್ರಕಥೆಗಳನ್ನು ಆತುರದಲ್ಲಿ ತಿದ್ದಿ ಬರೆಯಬೇಕಾಯಿತು. ಆಗ ಹುಟ್ಟಿದ ಏರ್ಪಾಡಿನಲ್ಲಿ ಸತ್ತ ಝೀನಾಳ ಆತ್ಮ ಆಟಾಲಿಕಸ್ ಎಂಬ ಕಳ್ಳನ ದೇಹವನ್ನು ಹೊಗುತ್ತದೆ. ಅವಳೂ ಗೇಬ್ರಿಯೆಲ್ಲೂ ಮನಸ್ಸಿನೊಳಗಿನ ಬೆಳಕಿನಲ್ಲಿ ಎದುರುಬದುರಾಗಿ, ತುಟಿಗಳು ಹತ್ತಿರವಾಗುತ್ತಾ ಬಂದು, ಇನ್ನೇನು ಸೇರಬೇಕು ಎನ್ನುವಷ್ಟರಲ್ಲಿ ದೃಶ್ಯ ಹೊರಗಿನ ಲೋಕಕ್ಕೆ ಕತ್ತರಿಸಿ, ಅಲ್ಲಿ ಮೀಸೆಯ ಆಟಾಲಿಕಸ್ ಅವಳಿಗೆ ಮುತ್ತು ಕೊಡುತ್ತಿರುವುದು ಕಾಣುತ್ತದೆ. ನಟಿಯ ಮುರಿದ ಎಲುಬು ಕೊಟ್ಟ ಅವಕಾಶವನ್ನು ಇಷ್ಟು ಜಾಣತನದಿಂದ ಬಳಸಿದ ಇನ್ನೊಂದು ಉದಾಹರಣೆ ನನಗೆ ತಿಳಿಯದು. ಯಾವ ದೊಡ್ಡ ಜಾಲಕ್ಕೂ ಸೇರದೆ ಊರೂರಿನ ಸ್ಥಳೀಯ ಕೇಂದ್ರಗಳಿಗೆ ಮಾರಾಟವಾಗುತ್ತಿದ್ದ, ವಾರಾಂತ್ಯದಲ್ಲಿ ಮಕ್ಕಳೂ ನೋಡುತ್ತಿದ್ದ ಧಾರಾವಾಹಿಗೆ ಈ ಜಾಣತನ ಅನ್ನದ ಪ್ರಶ್ನೆಯೂ ಆಗಿತ್ತು. ನಟಿ ಎಲನ್ ಡಿಜೆನರಸ್ ತನ್ನ ಹಾಸ್ಯ ಧಾರಾವಾಹಿಯಲ್ಲಿ 1997ರಲ್ಲಿ ತಾನು ಲೆಸ್ಬಿಯನ್ ಎಂಬ ವಿಷಯವನ್ನು ನೇರವಾಗಿ ಹೇಳಿದ ಮರುವರ್ಷವೇ ಆ ಧಾರಾವಾಹಿ ನಿಂತುಹೋಗಿತ್ತು.

ಅದೇ 1997ರಲ್ಲಿ ಝೀನಾ ಮಾರುವೇಷದಲ್ಲಿ ಸೌಂದರ್ಯ ಸ್ಪರ್ಧೆಗೆ ಹೋದ ಕಂತನ್ನು ನಾನು ಬೇರೆಯೇ ಕಣ್ಣಿನಿಂದ ನೋಡಿದೆ. ಸ್ಪರ್ಧಿಗಳಲ್ಲಿ ಒಬ್ಬಳು ಹೆಣ್ಣಿನ ವೇಷದ ಗಂಡು. ಆ ಪಾತ್ರ ಮಾಡಿದ ಕ್ಯಾರೆನ್ ಡಿಯೋರ್ ನಿಜಜೀವನದಲ್ಲಿಯೂ ಸ್ತ್ರೀವೇಷದ ಕಲಾವಿದರು, ತಮಗೆ ಎಚ್‌ಐವಿ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡವರು. ಕಿರೀಟ ಆ ಸ್ಪರ್ಧಿಗೇ ಸಿಗುತ್ತದೆ, ಝೀನಾ ಅವಳ ತುಟಿಗೆ ಮುತ್ತು ಕೊಡುತ್ತಾಳೆ. ಮುಟ್ಟಿದರೆ ರೋಗ ಬರುತ್ತದೆಂದು ಜನ ಇನ್ನೂ ಹೆದರುತ್ತಿದ್ದ ಕಾಲದಲ್ಲಿ ಆ ಮುತ್ತಿಗೆ ಯಾವ ಒಳಗುಟ್ಟೂ ಬೇಕಿರಲಿಲ್ಲ. ಸ್ತ್ರೀವೇಷವೇನೋ ನನಗೆ ಹೊಸದಲ್ಲ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಹೆಣ್ಣುಗಳೆಲ್ಲ ಬಹುಕಾಲ ಗಂಡಸರೇ, ಅದರಲ್ಲಿಯೂ ಪ್ರಮೀಳೆ, ಮೀನಾಕ್ಷಿಯಂಥ ವೀರ ಹೆಂಗಸರಿಗೆ ಕಸೆ ಸ್ತ್ರೀವೇಷ ಎಂಬ ಪ್ರತ್ಯೇಕ ಬಗೆಯೇ ಉಂಟು. ಬಿಲ್ಲು ಹಿಡಿದು, ದಿಗಿಣ ಹಾರಿ, ಗಂಡು ವೇಷಗಳನ್ನು ರಂಗಸ್ಥಳದ ಮೂಲೆಗೆ ಅಟ್ಟುವ ಆ ಹೆಂಗಸರನ್ನು ನೋಡಲೆಂದೇ ನಾನು ಚಿಕ್ಕವಳಾಗಿದ್ದಾಗ ಗದ್ದೆಯ ಆಟಕ್ಕೆ ಹೋಗಿ ನಿದ್ದೆಗೆಡುತ್ತಿದ್ದೆ. ಆದರೆ ಬೆಳಗಿನ ಜಾವದ ಹೊತ್ತಿಗೆ ಅವರೆಲ್ಲರಿಗೂ ಒಂದೇ ಗತಿ. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿ ಅರ್ಜುನನನ್ನು ಬಸವಳಿಸಿದ ಪ್ರಮೀಳೆಯನ್ನು ಮದುವೆಯಾಗೆಂದು ಅಶರೀರವಾಣಿ ಅವನಿಗೆ ಹೇಳುತ್ತದೆ. ದಿಗ್ವಿಜಯಕ್ಕೆ ಹೊರಟ ಮೀನಾಕ್ಷಿ ಶಿವನನ್ನು ಕಂಡೊಡನೆ ಅವಳ ಮೂರನೆಯ ಸ್ತನ ಮರೆಯಾಗಿ ತಲೆ ತಗ್ಗುತ್ತದೆ. ವೇಷಧಾರಿಯ ಲಿಂಗವನ್ನು ಅಷ್ಟು ಸಲೀಸಾಗಿ ದಾಟಿಸಿದ ರಂಗಸ್ಥಳಕ್ಕೆ ಪಾತ್ರದ ಮದುವೆಯನ್ನು ತಪ್ಪಿಸಲು ಮಾತ್ರ ಆಗಲಿಲ್ಲ. ಝೀನಾಳ ಕಥೆಯಲ್ಲಿ ವಾರದಿಂದ ವಾರಕ್ಕೆ ನಾನು ಕಾದು ನೋಡುತ್ತಿದ್ದುದು ಇದನ್ನೇ: ಅರ್ಜುನ ಬರಲೇ ಇಲ್ಲ.

ಆ ದಿನಗಳಲ್ಲಿ ನಾನೂ ಪುಣೆಯ ಒಬ್ಬ ಗೆಳತಿಯೂ ಒಟ್ಟಿಗೆ ಮನೆ ಮಾಡಿದ್ದೆವು. ನ್ಯೂಜೆರ್ಸಿಯಲ್ಲಿದ್ದ ದೊಡ್ಡಮ್ಮನ ಮಗಳ ಮನೆಗೆ ಇಬ್ಬರೂ ಹೋಗುತ್ತಿದ್ದೆವು, ಅಲ್ಲಿ ಅವಳ ಹೆಸರಿನ ಹಿಂದೆ ‘ರೂಮ್‌ಮೇಟ್’ ಎಂಬ ಪದ ತಾನಾಗಿ ಸೇರಿಕೊಳ್ಳುತ್ತಿತ್ತು. ಅಕ್ಕ ನಮಗೆ ಒಂದೇ ಕೋಣೆಯಲ್ಲಿ ಹಾಸಿಕೊಡುತ್ತಿದ್ದಳು, ಹೊರಡುವಾಗ ಇಬ್ಬರಿಗೂ ಸೇರಿಸಿ ಹುಳಿ, ಚಟ್ನಿಪುಡಿ ಕಟ್ಟಿಕೊಡುತ್ತಿದ್ದಳು. ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿದ್ದರೆ ಅದೇ ಮನೆಯಲ್ಲಿ ಬೇರೆ ಕೋಣೆ, ಬೇರೆ ಪ್ರಶ್ನೆಗಳು ಇರುತ್ತಿದ್ದವು. ಹೇಳದೇ ಇರುವುದರಿಂದ ಸಿಗುವ ಈ ಸೌಕರ್ಯವನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಅದರಲ್ಲಿ ಅಕ್ಕನ ಪ್ರೀತಿಯೂ ಇತ್ತು, ಬಹುಶಃ ತಿಳಿವಳಿಕೆಯೂ ಇತ್ತು.

1999ರ ಫೆಬ್ರುವರಿಯಲ್ಲಿ ಧಾರಾವಾಹಿಯ ನಾಯಕಿಯರು ಭಾರತಕ್ಕೆ ಬಂದರು. ಒಂದು ಕಂತಿನಲ್ಲಿ ಮೆಹಂದಿ, ಪುನರ್ಜನ್ಮ, ಮುಂದಿನ ಜನ್ಮದಲ್ಲಿ ಝೀನಾ ಶಾಂತಿಯನ್ನು ಸಾರುವ ವೃದ್ಧೆ, ಗೇಬ್ರಿಯೆಲ್ ಗಂಡು ಯೋಧ. ಅದರಲ್ಲಿ ಸತಿಯ ಚಿತೆಯಿಂದ ವಿಧವೆಯೊಬ್ಬಳನ್ನು ಈ ಇಬ್ಬರು ಬಿಳಿಯರು ಬಿಡಿಸುವ ದೃಶ್ಯ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಭಾರತವೆಂದರೆ ಮೊದಲು ನೆನಪಾಗುವುದು ಅದೇ ಏಕೆಂದು ಬರೆದವರನ್ನು ಕೇಳಬೇಕು. ಆದರೆ ಆತ್ಮ ಒಂದೇ, ದೇಹ ಯಾವುದೂ ಆದೀತು ಎಂಬ ನಮ್ಮ ಹಳೆಯ ಮಾತು ಅವರಿಗೆ ಎಷ್ಟು ಒದಗಿಬಂತು ಎಂಬುದನ್ನು ನೋಡಿ ಸೋಜಿಗವಾಯಿತು. ‘ನಡುವೆ ಸುಳಿವಾತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ’ ಎಂದು ದಾಸಿಮಯ್ಯ ಹೇಳಿದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ, ಜನ್ಮಜನ್ಮಕ್ಕೂ ಇವರಿಬ್ಬರು ಜೊತೆಗಿರುತ್ತಾರೆಂದು ಹೇಳಲು ಅಮೆರಿಕದ ಟಿವಿ ಗಂಗೆಯ ದಡಕ್ಕೇ ಬರಬೇಕಾಯಿತಲ್ಲ ಎನಿಸಿತು. ಮುಂದಿನ ಕಂತೇ ಗಲಾಟೆಗೆ ಕಾರಣವಾದದ್ದು. ಅದರಲ್ಲಿ ಹನುಮಂತ ಬರುತ್ತಾನೆ, ಇಂದ್ರಜಿತು ಬರುತ್ತಾನೆ, ಝೀನಾ ಪ್ರಾರ್ಥಿಸಿದಾಗ ಕೃಷ್ಣನೇ ಪ್ರತ್ಯಕ್ಷನಾಗಿ ಯೋಧೆಗೆ ಯುದ್ಧವೇ ದಾರಿಯೆಂದು ಬೋಧಿಸುತ್ತಾನೆ. ಇಂದ್ರಜಿತು ಕೈಗಳನ್ನು ಕಡಿದಾಗ ಅವಳು ಹಲವು ತೋಳುಗಳ ಕಾಳಿಯಾಗಿ ಏಳುತ್ತಾಳೆ. ಗೇಬ್ರಿಯೆಲ್ ಮಾತ್ರ ಅಹಿಂಸೆಯನ್ನು ಆರಿಸಿಕೊಂಡು ತನ್ನ ದೊಣ್ಣೆಯನ್ನು ನದಿಗೆ ಎಸೆಯುತ್ತಾಳೆ.

ಪೂಜೆಗೊಳ್ಳುವ ದೇವರನ್ನು ಕಟ್ಟುಕಥೆಯ ಪಾತ್ರ ಮಾಡಿದ್ದು ಅಪಚಾರವೆಂದು ಹಲವು ಹಿಂದೂ ಸಂಘಟನೆಗಳು ಪ್ರತಿಭಟಿಸಿದವು. ಕಂತನ್ನು ಹಿಂತೆಗೆದುಕೊಂಡು, ಆಮೇಲೆ ತಿದ್ದಿ ಮತ್ತೆ ಪ್ರಸಾರ ಮಾಡಿದರು. ಪ್ರತಿಭಟನೆ ಬಿಸಿಯಾಗಿದ್ದಾಗಲೇ ನಾವು ಒಂದು ಭಾನುವಾರ ಅಕ್ಕನ ಮನೆಯಲ್ಲಿದ್ದೆವು. ಊಟ ಮುಗಿದ ಮೇಲೆ ಭಾವ ಇ-ಮೇಲಿನಲ್ಲಿ ಬಂದಿದ್ದ ಮನವಿಪತ್ರವನ್ನು ಮುದ್ರಿಸಿ ತಂದು ಮೇಜಿನ ಮೇಲಿಟ್ಟರು. ಕಂತನ್ನು ನೋಡಿದವರು ಅಲ್ಲಿ ನಾವಿಬ್ಬರೇ, ನನ್ನ ಬಳಿ ಅದರ ಕ್ಯಾಸೆಟ್ ಇತ್ತು. ಭಾವನ ತಂದೆ ಆಗ ಊರಿನಿಂದ ಬಂದಿದ್ದರು. ನಿವೃತ್ತ ಮೇಷ್ಟ್ರು, ಕುಂದಾಪುರದ ಕಡೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ನೋಡದೆ ಸಹಿ ಹಾಕುವುದು ಸರಿಯಲ್ಲ, ಹಾಕಿ ನೋಡುವ ಎಂದರು ಅವರು. ಹಾಗೆ ಎಲ್ಲರೂ ಕುಳಿತು ನೋಡಿದೆವು, ಉಚ್ಚಾರ ತಿಳಿಯದಲ್ಲಿ ನಾನು ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಹನುಮಂತ ಬಂದಾಗ ಮಾವ ಏನೂ ಹೇಳಲಿಲ್ಲ. ಇಂದ್ರಜಿತು ಬಂದ ಮೇಲೆ ಕೃಷ್ಣ ಬಂದಾಗ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಲಂಕೆಯಲ್ಲಿ ಲಕ್ಷ್ಮಣನ ಬಾಣಕ್ಕೆ ಸತ್ತವನು ದ್ವಾಪರಕ್ಕೆ ಹೇಗೆ ಬಂದ? ಹನುಮಂತ ಚಿರಂಜೀವಿ, ಅವನು ಬರಲಿ. ಇವನಿಗೆ ಬರಲಿಕ್ಕೆ ಆಧಾರ ಎಂತದು?” ಅವರ ಆಕ್ಷೇಪ ಯುಗದ ಬಗ್ಗೆ ಮಾತ್ರ ಇತ್ತು. ಝೀನಾಳ ಕಾಳಗ ಅವರಿಗೆ ಹಿಡಿಸಿತು. ಕಸೆ ಸ್ತ್ರೀವೇಷದ ಗತ್ತು ಉಂಟು ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, “ಇವಳಿಗೆ ಅರ್ಜುನ ಯಾವ ಕಂತಿನಲ್ಲಿ ಬರುವುದು?” ಎಂದು ಕೇಳಿದರು.

“ಬರುವುದಿಲ್ಲ, ಮಾವ.”

“ಹಾಗಾದರೆ ಕಡೆಗೆ?”

ಉತ್ತರ ಕೊಟ್ಟದ್ದು ಭಾವ. “ಕಡೆಗೆ ಎಂತದು ಅಪ್ಪಯ್ಯ, ಆ ಇಬ್ಬರು ಹೆಂಗಸರದ್ದು ಎಂತ ಸಂಬಂಧ ಅಂತ ಇಲ್ಲಿ ಎಲ್ಲರಿಗೂ ಗೊತ್ತುಂಟು. ಅಂಥವರಿಗೆ ಕೃಷ್ಣ ಆಶೀರ್ವಾದ ಮಾಡುವ ಹಾಗೆ ತೋರಿಸಿದ್ದಾರೆ. ನಮ್ಮ ತಕರಾರು ಅದೂ ಹೌದು.”

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಮ್ಮನ್ನು ನೋಡಿ ಹೇಳಿದ್ದೂ ಅಲ್ಲ. ಆದರೂ ಅಕ್ಕ ಥಟ್ಟನೆ ಎದ್ದು ಕಾಫಿ ಮಾಡಲು ಹೋದದ್ದನ್ನು ನಾನು ಗಮನಿಸಿದೆ. ಎರಡು ತಿಂಗಳ ಹಿಂದಷ್ಟೇ, 1998ರ ಡಿಸೆಂಬರಿನಲ್ಲಿ, ದೀಪಾ ಮೆಹ್ತಾ ಅವರ ‘ಫೈರ್’ ಓಡುತ್ತಿದ್ದ ಮುಂಬೈ, ದೆಹಲಿಯ ಚಿತ್ರಮಂದಿರಗಳಿಗೆ ಶಿವಸೇನೆಯವರು ನುಗ್ಗಿ ಪ್ರದರ್ಶನ ನಿಲ್ಲಿಸಿದ್ದರು. ಆ ಚಿತ್ರ ಇಬ್ಬರು ಹೆಂಗಸರ ಪ್ರೀತಿಯನ್ನು ನೇರವಾಗಿ ಹೇಳಿತ್ತು, ಹಾಗಾಗಿ ಅದಕ್ಕೆ ಕಲ್ಲು ಬಿತ್ತು ಎಂದು ನಾನು ಎಣಿಸಿದ್ದೆ. ಈಗ ಹೇಳದೇ ಇದ್ದ ಧಾರಾವಾಹಿಯನ್ನೂ, ಅಂದಿನವರೆಗೆ ಒಂದು ಕಂತನ್ನೂ ನೋಡಿರದ ಭಾವ, ಅಭಿಮಾನಿಗಳಷ್ಟೇ ಖಚಿತವಾಗಿ ಓದಿದ್ದರು. ಸಬ್‌ಟೆಕ್ಸ್ಟ್ ಎಂಬುದು ಪ್ರೀತಿಯಿಂದ ನೋಡುವವರಿಗೆ ಊಹೆಯಾಗಿಯೇ ಉಳಿಯುತ್ತದೆ, ಸಿಟ್ಟಿನಿಂದ ನೋಡುವವರಿಗೆ ಪುರಾವೆಯಾಗುತ್ತದೆ. ತಯಾರಕರಿಗೆ ಅದು ಕೊಡೆ. ಮಳೆ ಬಂದಾಗ ಅದನ್ನು ಹಿಡಿದುಕೊಳ್ಳುವವರು ಅವರೇ, ನೆನೆಯುವವರು ಬೇರೆ. ಆರು ವರ್ಷ ಆ ಇಬ್ಬರ ಮೇಲೆ ಅಭಿಮಾನಿಗಳ ನಿಷ್ಠೆಯನ್ನು ಬೆಳೆಸಿ, 2001ರ ಜೂನಿನಲ್ಲಿ ಧಾರಾವಾಹಿ ಮುಗಿದಾಗ ಝೀನಾಳನ್ನು ಜಪಾನಿನಲ್ಲಿ ಕೊಂದು, ಅವಳ ಬೂದಿಯನ್ನು ಗೇಬ್ರಿಯೆಲ್‌ನ ಕೈಗೆ ಕೊಟ್ಟು ಕಳುಹಿಸಿದರು. ಅದೇ ಕೊನೆಯ ಕಥೆಯಲ್ಲಿ ಗೇಬ್ರಿಯೆಲ್ ಬಾಯಿಯಿಂದ ಬಾಯಿಗೆ ಶಕ್ತಿಜಲವನ್ನು ಹರಿಸುವ ದೃಶ್ಯವಿದೆ. ಅದನ್ನು ಕಂಡ ಮೇಲೆ ಅವರಿಬ್ಬರು ದಂಪತಿಗಳೇ ಎಂಬುದರಲ್ಲಿ ತನಗೆ ಅನುಮಾನ ಉಳಿಯಲಿಲ್ಲವೆಂದು ಲಾಲೆಸ್ 2003ರಲ್ಲಿ ಹೇಳಿದರು. ಪಾತ್ರ ಸತ್ತ ಮೇಲೆ ಸಿಕ್ಕ ಆ ಮಾನ್ಯತೆಯನ್ನು ನಾನು ಸಂತೋಷದಿಂದ ಸ್ವೀಕರಿಸಿದೆನೆಂದು ಹೇಳಲಾರೆ.

ಪತ್ರ ನನ್ನ ಮುಂದೆ ಬಂದಾಗ ಸಹಿ ಹಾಕುವುದಿಲ್ಲವೆಂದೆ. “ನಮ್ಮ ಉಡುಪಿಯ ಕೃಷ್ಣನಿಗೆ ಮೋಹಿನಿ ಅಲಂಕಾರ ಮಾಡುವುದಿಲ್ಲವಾ ಭಾವ? ಹೆಣ್ಣಾಗಿ ನಿಂತವನಿಗೆ ಇದರಿಂದ ಅವಮಾನ ಆಯಿತು ಅಂತ ನನಗೆ ಅನಿಸುವುದಿಲ್ಲ. ಆ ಇಬ್ಬರದ್ದು ಎಂತ ಸಂಬಂಧ ಅಂತ ನನಗೂ ಗೊತ್ತುಂಟು.” ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಹೇಳಬೇಕೆಂದು ಆ ಹೊತ್ತಿಗೆ ಅನಿಸಲೂ ಇಲ್ಲ. ಭಾವ ಒಂದು ಕ್ಷಣ ನನ್ನನ್ನೂ ನನ್ನ ಗೆಳತಿಯನ್ನೂ ನೋಡಿ, ಕಾಗದವನ್ನು ಮಡಚದೆ ತಂದೆಯ ಕಡೆ ಸರಿಸಿದರು. ಮಾವ ಸಹಿ ಹಾಕಿದರು. ಮಗ ಕೇಳಿದ್ದಾನೆ, ಮತ್ತೆ ಇಂದ್ರಜಿತುವಿನ ವಿಷಯ ಸರಿಯಿಲ್ಲ ಎಂದು ಕಾರಣ ಕೊಟ್ಟರು. ಕಾಫಿ ತಂದ ಅಕ್ಕ ಸಹಿ ಹಾಕಲೂ ಇಲ್ಲ, ಹಾಕುವುದಿಲ್ಲ ಎನ್ನಲೂ ಇಲ್ಲ.

ಸಂಜೆ ಉಳಿದ ಕ್ಯಾಸೆಟ್‌ಗಳನ್ನು ನೋಡಲು ಹಟ ಹಿಡಿದವರು ಅಕ್ಕನ ಮಗಳು ಮತ್ತು ಮಾವ. ಕತ್ತಿಯುದ್ಧ ಬಂದಾಗ ತೂಕಡಿಸಿ, ಮಾತಿನ ಭಾಗ ಬಂದಾಗ ಎಚ್ಚರಾಗುತ್ತಿದ್ದ ಅವರು ಗೇಬ್ರಿಯೆಲ್‌ನ ಮದುವೆಯ ಕಂತನ್ನು ಪೂರ್ತಿ ನೋಡಿದರು. ಪರ್ಡಿಕಸ್ ಸತ್ತು ಬಿದ್ದಾಗ ಮೊಮ್ಮಗಳು ಬೇಸರಪಟ್ಟುಕೊಂಡಳು.

“ಅವನನ್ನು ಎಷ್ಟು ಹೊತ್ತು ಇಟ್ಟುಕೊಳ್ಳಲಿಕ್ಕಾಗುತ್ತದೆ ಮಗಾ?” ಎಂದರು ಮಾವ. “ಅವನು ಬದುಕಿದರೆ ಪ್ರಸಂಗ ಮುಂದೆ ಹೋಗುವುದಿಲ್ಲ. ಈ ಹುಡುಗಿ ಅವಳ ಸಂಗಡ ಹೋಗಬೇಕಲ್ಲ.”