ಬಾಂಡುಗಳ ಮೇಜಿನಿಂದ ಮಣಿಕೆಲಸದವರ ಬಳಿಗೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿ, ಬೌಲಿಂಗ್ ಗ್ರೀನ್ ಎಂಬ ಪುಟ್ಟ ಉದ್ಯಾನದ ಎದುರಿಗೆ, ಹಿಂದೆ ಸುಂಕದ ಕಚೇರಿಯಾಗಿದ್ದ ಭವ್ಯ ಕಟ್ಟಡವೊಂದಿದೆ. ಅಮೆರಿಕದ ಮೂಲನಿವಾಸಿಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಂದು ಶಾಖೆ 1994ರಿಂದ ಅದರೊಳಗಿದೆ. ಅಲ್ಲಿಂದ ಐದು ನಿಮಿಷದ ನಡಿಗೆಯಷ್ಟು ದೂರದ ಬ್ಯಾಂಕೊಂದರಲ್ಲಿ, ವಿದೇಶಿ ಸರ್ಕಾರಗಳ ಸಾಲಪತ್ರಗಳನ್ನು ಕೊಂಡು ಮಾರುವ ಬಾಂಡ್ ವಿಭಾಗದಲ್ಲಿ, ನಾನು ಹನ್ನೊಂದು ವರ್ಷ ದುಡಿದೆ. ಪ್ರವೇಶಶುಲ್ಕವಿಲ್ಲ, ಮಧ್ಯಾಹ್ನದ ಹೊತ್ತು ಗದ್ದಲವಿರುವುದಿಲ್ಲ ಎಂಬ ಎರಡೇ ಕಾರಣಕ್ಕೆ ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ಕಲೆಯ ಮೇಲಿನ ಪ್ರೀತಿ ನನ್ನನ್ನು ಅಲ್ಲಿಗೆ ಕರೆದೊಯ್ದಿತು ಎಂದರೆ ಸುಳ್ಳು ಹೇಳಿದಂತಾದೀತು.

ಆ ಸಂಗ್ರಹಕ್ಕೆ ಬುನಾದಿ ಹಾಕಿದ ಜಾರ್ಜ್ ಗುಸ್ತಾವ್ ಹೈ ಕೂಡ ವಾಲ್ ಸ್ಟ್ರೀಟಿನಲ್ಲಿ ಹೂಡಿಕೆಯ ವ್ಯವಹಾರ ನಡೆಸಿದವನೇ ಎಂಬುದು ತಿಳಿದದ್ದು ಬಹಳ ತಡವಾಗಿ. ಅವನು ಜೀವಮಾನವಿಡೀ ಕೊಂಡು ಕೂಡಿಟ್ಟ ವಸ್ತುಗಳ ಸಂಖ್ಯೆ ಸುಮಾರು 8 ಲಕ್ಷ. ಅವುಗಳಲ್ಲಿ ಕೆಲವು ಅವನ ಕೈ ಸೇರಿದ ಬಗೆಯನ್ನು ಓದಿದ ಮೇಲೆ ನನ್ನ ಕಸುಬನ್ನು ಮೊದಲಿನ ಕಣ್ಣಿನಿಂದ ನೋಡಲು ಸಾಧ್ಯವಾಗಲಿಲ್ಲ.

ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕ್ವಕವಕ್ವ ಜನರಲ್ಲಿ ಮದುವೆ, ನಾಮಕರಣ, ಹಿರಿಯರ ಮರಣದಂಥ ಸಂದರ್ಭಗಳಲ್ಲಿ ಪಾಟ್‌ಲ್ಯಾಚ್ ಎಂಬ ಸಮಾರಂಭ ನಡೆಯುತ್ತದೆ. ಮುಖವಾಡ ತೊಟ್ಟು ಕುಣಿಯುತ್ತಾರೆ, ಮನೆತನದ ಹಾಡುಗಳನ್ನು ಹಾಡುತ್ತಾರೆ, ಬಂದವರೆಲ್ಲ ಅದಕ್ಕೆ ಸಾಕ್ಷಿಯಾಗುತ್ತಾರೆ. ಕೊನೆಗೆ ಆತಿಥೇಯನು ವರ್ಷಗಟ್ಟಲೆ ಕೂಡಿಸಿದ್ದನ್ನು ಆ ಸಾಕ್ಷಿಗಳಿಗೆ ಹಂಚಿಬಿಡುತ್ತಾನೆ. ಹೆಚ್ಚು ಕೊಟ್ಟ ಮನೆತನಕ್ಕೆ ಹೆಚ್ಚು ಮಾನ. ಕೆನಡಾ ಸರ್ಕಾರವು ಇದನ್ನು 1885ರಿಂದ 1951ರವರೆಗೆ ಕಾನೂನಿನ ಮೂಲಕ ನಿಷೇಧಿಸಿತ್ತು. 1921ರ ಕ್ರಿಸ್‌ಮಸ್ ಸಮಯದಲ್ಲಿ ವಿಲೇಜ್ ಐಲೆಂಡಿನಲ್ಲಿ ಡ್ಯಾನ್ ಕ್ರ್ಯಾನ್ಮರ್ ನಡೆಸಿದ ದೊಡ್ಡ ಪಾಟ್‌ಲ್ಯಾಚ್‌ನ ನಂತರ 45 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಮುಖವಾಡ, ತಾಮ್ರದ ಫಲಕ ಮೊದಲಾದುವನ್ನು ಒಪ್ಪಿಸಿದರೆ ಬಿಡುಗಡೆ, ಇಲ್ಲವಾದರೆ ಸೆರೆಮನೆ ಎಂಬ ಷರತ್ತು ಬಂತು. ಹಾಗೆ ಕಸಿದ ವಸ್ತುಗಳಲ್ಲಿ ಒಂದಿಷ್ಟನ್ನು ಅಲ್ಲಿನ ಸರ್ಕಾರಿ ಏಜೆಂಟ್ ಹೈಗೆ ಮಾರಿದ. ಅದಕ್ಕೆ ನಾಲ್ಕು ವರ್ಷ ಮೊದಲು, 1917ರಲ್ಲಿ, ಗಡಿಯ ಈಚೆಗೆ ಅಮೆರಿಕದಲ್ಲಿ ದಾನ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಜಾರಿಗೆ ಬಂದಿತ್ತು! ಕೊಡುವುದು ಒಬ್ಬರಿಗೆ ಅಪರಾಧ, ಇನ್ನೊಬ್ಬರಿಗೆ ತೆರಿಗೆಯ ಉಳಿತಾಯ. ಕಸಿದುಕೊಂಡದ್ದರಲ್ಲಿ ಹಲವು ವಸ್ತುಗಳು ಈಗ ಮರಳಿವೆ. ಅವುಗಳಿಗಾಗಿ ಅಲರ್ಟ್ ಬೇ ಎಂಬಲ್ಲಿ 1980ರಲ್ಲಿ ತೆರೆದ ಕೇಂದ್ರದ ಹೆಸರು ಉಮಿಸ್ಟ. ಬೆಲೆಯುಳ್ಳದ್ದು ಮರಳಿ ಬಂದಿತು ಎಂಬುದು ಆ ಪದದ ಅರ್ಥ.

ಬ್ಯಾಂಕು ಬಿಟ್ಟ ಕಥೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಂಬಳ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು, ಮನೆಯವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ, ಅಷ್ಟೆ. ಸೇರಿದ್ದು ಮೂಲನಿವಾಸಿಗಳೇ ಕಟ್ಟಿ, ಮೂಲನಿವಾಸಿಗಳೇ ನಡೆಸುವ ಒಂದು ದತ್ತಿನಿಧಿಗೆ. ಕಲಾವಿದರಿಗೆ ಅನುದಾನ ಮತ್ತು ಸಣ್ಣ ಸಾಲ ಕೊಡುವುದು ಅದರ ಕೆಲಸ. ಲೆಕ್ಕ ನೋಡಿಕೊಳ್ಳುವುದು ನನ್ನದು.

ಈ ಕ್ಷೇತ್ರದಲ್ಲಿ ಹಣದ ಹರಿವು ಎಷ್ಟು ತೆಳುವಾದದ್ದು ಎಂಬುದಕ್ಕೆ 2019ರ ವರದಿಯೊಂದು ಒಂದು ಅಂಕಿಯನ್ನು ಕೊಟ್ಟಿತ್ತು: ಅಮೆರಿಕದ ದೊಡ್ಡ ದತ್ತಿ ಪ್ರತಿಷ್ಠಾನಗಳು ಕೊಡುವ ಹಣದಲ್ಲಿ ಮೂಲನಿವಾಸಿ ಸಮುದಾಯಗಳಿಗೆ ತಲುಪುವುದು ಸರಾಸರಿ ಶೇ 0.4. ಎಲ್ಲರೂ ಉಲ್ಲೇಖಿಸುವ ಅಂಕಿ ಇದು. ನನ್ನ ಹಳೆಯ ಕಸುಬಿನ ಕಣ್ಣಿಗೆ ಬಿದ್ದದ್ದು ಬೇರೊಂದು. ಅಲ್ಲಿನ ನಿಯಮದ ಪ್ರಕಾರ ಖಾಸಗಿ ಪ್ರತಿಷ್ಠಾನವೊಂದು ತನ್ನ ಆಸ್ತಿಯ ಸುಮಾರು ಶೇ 5ರಷ್ಟನ್ನು ಪ್ರತಿ ವರ್ಷ ವಿನಿಯೋಗಿಸಿದರೆ ಸಾಕು. ಉಳಿದ ಶೇ 95 ಷೇರುಗಳಲ್ಲೂ ಬಾಂಡುಗಳಲ್ಲೂ ದುಡಿಯುತ್ತಿರುತ್ತದೆ. 2016ರಲ್ಲಿ ಸ್ಟ್ಯಾಂಡಿಂಗ್ ರಾಕ್ ಎಂಬ ಮೂಲನಿವಾಸಿ ಮೀಸಲು ಪ್ರದೇಶದ ಜನರು ತಮ್ಮ ನೀರಿನ ಮೂಲದ ಬಳಿ ಹಾದುಹೋಗುವ ತೈಲ ಕೊಳವೆಮಾರ್ಗವನ್ನು ವಿರೋಧಿಸಿ ನಿಂತಾಗ ಆ ಕಾಮಗಾರಿಗೆ ಸಾಲ ಕೊಟ್ಟವುಗಳಲ್ಲಿ ಹೆಸರಾಂತ ಬ್ಯಾಂಕುಗಳಿದ್ದವು. ಅಂಥ ಬ್ಯಾಂಕುಗಳ ಷೇರನ್ನು ಇಟ್ಟುಕೊಂಡ ಪ್ರತಿಷ್ಠಾನವೊಂದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಏನು ಮಾಡುತ್ತಿದೆ ಎಂಬುದು ಅನುದಾನದ ಪತ್ರದಲ್ಲಿ ಕಾಣದು, ಹೂಡಿಕೆಯ ಪಟ್ಟಿಯಲ್ಲಿ ಕಾಣುತ್ತದೆ. ಆ ಪಟ್ಟಿಯನ್ನು ಓದಲು ನನಗೆ ಬರುತ್ತಿತ್ತು. ನನ್ನಿಂದ ಆದ ಮೊದಲ ಪ್ರಯೋಜನ ಬಹುಶಃ ಅದೊಂದೇ.

ಸಾಲದ ವಿಷಯಕ್ಕೆ ಬಂದರೆ ನಾನು ಮುಗ್ಗರಿಸಿದೆ. ಮೀಸಲು ಪ್ರದೇಶಗಳಲ್ಲಿ ಸಾಕಷ್ಟು ಭೂಮಿ ಕೇಂದ್ರ ಸರ್ಕಾರದ ನ್ಯಾಸದಲ್ಲಿರುವುದರಿಂದ ಅದನ್ನು ಸುಲಭವಾಗಿ ಅಡವಿಡಲು ಬರುವುದಿಲ್ಲ, ಅಡಮಾನವಿಲ್ಲದವರಿಗೆ ಸಾಮಾನ್ಯ ಬ್ಯಾಂಕು ಸಾಲ ಕೊಡುವುದಿಲ್ಲ. ಸೌತ್ ಡಕೋಟದ ಪೈನ್ ರಿಡ್ಜ್‌ನಲ್ಲಿ 1986ರಲ್ಲಿ ಆರಂಭವಾದ ಲಕೋಟಾ ಫಂಡ್ಸ್ ಸಂಸ್ಥೆ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನಂತೆ ಗುಂಪಿನ ಹೊಣೆಯ ಮೇಲೆ ಸಾಲ ಕೊಡುವ ಪ್ರಯೋಗದಿಂದ ಈ ದಾರಿಯನ್ನು ತೆರೆದಿತ್ತು. ಇದೆಲ್ಲವನ್ನೂ ಓದಿಕೊಂಡೇ ಹೋಗಿದ್ದೆ. ಆದರೂ ಮಣಿಕೆಲಸ ಮಾಡುವ ಹಿರಿಯ ಕಲಾವಿದೆಯೊಬ್ಬರು ಕೇಳಿದ ಸಾಲದ ಮೊತ್ತ ನನಗೆ ದುಂದಾಗಿ ಕಂಡಿತು. ವರ್ಷಕ್ಕೆ ಬೇಕಾಗುವ ಮಣಿಗಳನ್ನೆಲ್ಲ ಒಂದೇ ಸಲ ಏಕೆ ಕೊಳ್ಳಬೇಕು, ತಿಂಗಳು ತಿಂಗಳು ಕೊಂಡರೆ ಬಡ್ಡಿ ಉಳಿಯುವುದಿಲ್ಲವೆ ಎಂದು ಬುದ್ಧಿ ಹೇಳಿದೆ.

ಅವರು ಮಾತಾಡಲಿಲ್ಲ. ಎರಡು ಪುಟ್ಟ ಡಬ್ಬಿಗಳನ್ನು ತೆಗೆದು, ಒಂದೊಂದರಿಂದ ಒಂದು ಚಿಟಿಕೆ ನೀಲಿ ಮಣಿಗಳನ್ನು ನನ್ನ ಅಂಗೈಯ ಮೇಲೆ ಪಕ್ಕಪಕ್ಕದಲ್ಲಿ ಸುರಿದು, ಕಿಟಕಿಯ ಕಡೆಗೆ ತಿರುಗಿಸಿದರು. ಎರಡೂ ಚೆಕ್ ದೇಶದ ಗಾಜಿನ ಮಣಿಗಳು, ಎರಡೂ 13ರ ಅಳತೆಯವು (ಸಂಖ್ಯೆ ಏರಿದಷ್ಟೂ ಮಣಿ ಸಣ್ಣದು), ಎರಡು ಡಬ್ಬಿಗಳ ಮೇಲೂ ಅದೇ ಬಣ್ಣದ ಹೆಸರು. ಬೆಳಕಿನಲ್ಲಿ ಒಂದು ರಾಶಿ ಚೂರು ಹಸಿರಿಗೆ ತಿರುಗಿತ್ತು. ಗಾಜು ಕರಗಿಸಿದ ಪ್ರತಿ ಸಲವೂ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ಆರು ತಿಂಗಳ ಕೆಲಸದ ನಡುವೆ ಮಣಿ ಮುಗಿದರೆ, ಮುಂದಿನ ಸರಕಿನ ಮಣಿ ಅಲ್ಲಿ ತೇಪೆಯಂತೆ ಎದ್ದು ಕಾಣುತ್ತದೆ. ನಾನು ದುಂದು ಎಂದುಕೊಂಡದ್ದು ಅವರ ಕೆಲಸದ ಮೂಲಬಂಡವಾಳವಾಗಿತ್ತು. ಬಾಂಡುಗಳ ಮೇಜಿನಲ್ಲಿ ನಾವು ಇಂಥದ್ದಕ್ಕೆ ಅಪಾಯದ ನಿರ್ವಹಣೆ ಎಂದು ಹೆಸರಿಟ್ಟು ದೊಡ್ಡ ಸಂಬಳ ತೆಗೆದುಕೊಳ್ಳುತ್ತಿದ್ದೆವು.

ಕಂತಿನ ವಿಚಾರದಲ್ಲೂ ಇದೇ ಆಯಿತು. ಅವರ ವರ್ಷದ ಗಳಿಕೆಯ ಬಹುಪಾಲು ಬರುವುದು 1922ರಿಂದ ನಡೆದುಬಂದಿರುವ, ಪ್ರತಿ ಆಗಸ್ಟಿನಲ್ಲಿ ಸೇರುವ ಸಾಂಟಾ ಫೆ ನಗರದ ಮೂಲನಿವಾಸಿ ಕಲೆಯ ಮಾರುಕಟ್ಟೆಯ ಎರಡು ದಿನಗಳಲ್ಲಿ. ಅಂಥವರಿಗೆ ತಿಂಗಳ ಕಂತು ಹಾಕಿದರೆ ಫೆಬ್ರವರಿಯ ಹೊತ್ತಿಗೆ ಅವರು ಸುಸ್ತಿದಾರರು, ಸೆಪ್ಟೆಂಬರಿನಲ್ಲಿ ಸಾಹುಕಾರರು. ಸುಗ್ಗಿಯ ನಂತರ ತೀರಿಸುವ ಬೆಳೆಸಾಲದ ಪದ್ಧತಿ ನಮ್ಮೆಲ್ಲರಿಗೂ ಗೊತ್ತಿರುವಂಥದ್ದೇ, ಆದರೆ ಕಲಾವಿದೆಯ ಅರ್ಜಿ ಎದುರಿಗಿದ್ದಾಗ ಅದು ನೆನಪಿಗೆ ಬರಲಿಲ್ಲ.

ಹಣಕಾಸಿನವರಿಗೂ ಮೂಲನಿವಾಸಿ ಕಲೆಗೂ ಇರುವ ನಂಟಿನ ಬಗ್ಗೆ ಮಾತು ಬಂದಾಗ ನಾನು ಹೇಳುವ ಉದಾಹರಣೆ ಆಸ್ಟ್ರೇಲಿಯದ್ದು. ಕ್ಲಿಫರ್ಡ್ ಪಾಸಮ್ ಜಪಲ್ಜಾರಿ 1977ರಲ್ಲಿ ಬರೆದ ವಾರ್ಲುಗುಲಾಂಗ್ ಎಂಬ ದೊಡ್ಡ ಚಿತ್ರವನ್ನು ಒಂದು ಬ್ಯಾಂಕು 1,200 ಡಾಲರಿಗೆ ಕೊಂಡಿತ್ತು. 2007ರ ಹರಾಜಿನಲ್ಲಿ ಅದು 24 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಮಾರಾಟವಾಯಿತು. ಮೂವತ್ತು ವರ್ಷದಲ್ಲಿ 2,000 ಪಟ್ಟು, ಅಂದರೆ ವರ್ಷಕ್ಕೆ ಶೇ 29ರ ಆಸುಪಾಸಿನ ಚಕ್ರಬಡ್ಡಿ. ಹಳೆಯ ಚಾಳಿ, ಲೆಕ್ಕ ಹಾಕದೆ ಇರಲಾಗಲಿಲ್ಲ. ಕಲಾವಿದರು 2002ರಲ್ಲೇ ತೀರಿಕೊಂಡಿದ್ದರು. 2010ರಲ್ಲಿ ಜಾರಿಗೆ ಬಂದ ಕಾನೂನಿನಿಂದಾಗಿ ಅಲ್ಲಿ ಈಗ ಕೃತಿಗಳು ಮರುಮಾರಾಟವಾದಾಗ ಕಲಾವಿದರಿಗೆ ಅಥವಾ ವಾರಸುದಾರರಿಗೆ ಶೇ 5 ಸಲ್ಲಬೇಕು. ಅಮೆರಿಕದಲ್ಲಿ ರಾಷ್ಟ್ರಮಟ್ಟದಲ್ಲಿ ಅಂಥ ಹಕ್ಕು ಇನ್ನೂ ಇಲ್ಲ, ಹಾಗಾಗಿ ನಮ್ಮ ಒಪ್ಪಂದದ ಕರಡಿನಲ್ಲಿ ಅದನ್ನೊಂದು ಕಲಮಾಗಿ ಸೇರಿಸುತ್ತೇವೆ. ಕೊಳ್ಳುವವರು ಹತ್ತರಲ್ಲಿ ಏಳು ಸಲ ಅದನ್ನು ಹೊಡೆದುಹಾಕುತ್ತಾರೆ.

ನಮ್ಮ ಸಾಲ ಸಮಿತಿಯಲ್ಲಿ ನನಗೆ ಮತವಿಲ್ಲ. ಅಂಕಿಗಳನ್ನು ಓದಿ, ಕೇಳಿದ್ದಕ್ಕೆ ಉತ್ತರ ಕೊಟ್ಟು, ಹೊರಗೆ ಬಂದು ಕೂರುವುದು ಪದ್ಧತಿ. ಮೊದಲ ವರ್ಷ ಇದು ನುಂಗಲಾರದ ತುತ್ತಾಗಿತ್ತು. ಕೋಟಿಗಟ್ಟಲೆ ಹಣವನ್ನು ಒಂದು ಫೋನಿನಲ್ಲಿ ಅತ್ತಿತ್ತ ಮಾಡಿದವನು ಓಣಿಯ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದೆ. ಕಳೆದ ಗುರುವಾರವೂ ಹಾಗೆಯೇ ಕೂತಿದ್ದೆ. ಮುಕ್ಕಾಲು ಗಂಟೆಯ ನಂತರ ಬಾಗಿಲು ತೆರೆದು ಒಳಗೆ ಕರೆದರು. ಬುಟ್ಟಿ ಹೆಣೆಯುವ ಅಕ್ಕತಂಗಿಯರ ಅರ್ಜಿಗೆ ನಾನು ಬೇಡವೆಂದು ಸೂಚಿಸಿದ್ದೆ, ಸಮಿತಿ ಒಪ್ಪಿಗೆ ಕೊಟ್ಟಿತ್ತು. ಹುಲ್ಲು ಕೊಯ್ಯುವ ಕಾಲ ಮುಗಿಯುವವರೆಗೆ ಮರುಪಾವತಿಯ ವೇಳಾಪಟ್ಟಿ ಶುರುವಾಗಬಾರದು, ಅದಕ್ಕೆ ತಕ್ಕಂತೆ ಬಡ್ಡಿಯ ಲೆಕ್ಕವನ್ನು ಸರಿಪಡಿಸಿ ಕೊಡಿ ಎಂದರು. ಅಲ್ಲೇ ಮೇಜಿನ ತುದಿಯಲ್ಲಿ ಕೂತು ಸರಿಪಡಿಸಿ ಕೊಟ್ಟೆ.